ಇಳಿಯುವ ನೀರಿನ ದಂಡೆಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆರೆ ನೋಡಲು ಬರುವವರು ಸಾಮಾನ್ಯವಾಗಿ ಕೆರೆ ತುಂಬಿದಾಗ ಬರುತ್ತಾರೆ. ಕೋಡಿ ಬಿದ್ದ ಸುದ್ದಿ ಹರಡಿದರೆ ಸಾಕು, ಸುತ್ತಲ ಊರುಗಳಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಲ್ಲಿ ಜನ ಬಂದು ಏರಿಯುದ್ದಕ್ಕೂ ನಿಲ್ಲುತ್ತಾರೆ, ಕೋಡಿಯ ನೀರಿನಲ್ಲಿ ಕಾಲಾಡಿಸುತ್ತಾರೆ, ಫೋಟೊ ತೆಗೆದುಕೊಂಡು ಸಂಜೆಗೆ ಹೊರಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ಬಯಲುಸೀಮೆಯಲ್ಲಿ ಕೆರೆ ತುಂಬುವುದೆಂದರೆ ಹಬ್ಬವೇ ಸರಿ. ಆದರೆ ಕೆರೆಯ ಪಕ್ಕದಲ್ಲೇ ಮನೆಯಿದ್ದು ವರ್ಷದ ಎಲ್ಲ ತಿಂಗಳೂ ಅದನ್ನು ನೋಡುತ್ತ ಬಂದಿರುವ ನನ್ನಂಥವರನ್ನು ಕೇಳಿದರೆ, ತುಂಬಿ ನಿಂತ ಕೆರೆಗಿಂತ ಇಳಿಯುತ್ತಿರುವ ಕೆರೆಯಲ್ಲೇ ಜೀವ ಹೆಚ್ಚು ಎಂದು ಹೇಳುತ್ತೇವೆ. ಇವತ್ತು ನಾನು ಮಾತನಾಡುವುದು ಆ ಇಳಿಯುವ ನೀರನ್ನು ಕುರಿತು.

ನಮ್ಮ ಊರಿರುವುದು ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ. ಮಳೆ ಕಡಿಮೆ, ಕಡಲೆಕಾಯಿ, ರಾಗಿ ಮತ್ತು ಹುಣಸೆಮರಗಳ ನಾಡು. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಅವುಗಳಲ್ಲಿ ಬಹುಪಾಲು ನಮ್ಮ ಕೆರೆಯಂಥವೇ: ಹಿಂದಿನವರು ಇಳಿಜಾರು ನೆಲಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಕೆಳಗಿನ ಗದ್ದೆಗಳಿಗೆ ನೀರು ಬಿಡಲು ತೂಬು ಇಟ್ಟು, ಹೆಚ್ಚಾದದ್ದು ಹರಿದುಹೋಗಲು ಕೋಡಿ ಕಟ್ಟಿದಂಥವು. ಇಂಥ ಕೆರೆಯಲ್ಲಿ ಏರಿಯ ಮಗ್ಗುಲಿಗೆ ನೀರು ಆಳವಾಗಿರುತ್ತದೆ. ಅದರ ಎದುರಿಗೆ, ಹಳ್ಳ ಬಂದು ಸೇರುವ ಕಡೆ, ನೆಲ ಕಂಡೂ ಕಾಣದಂತೆ ಏರುತ್ತ ಹೋಗುವುದರಿಂದ ನೀರು ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಇಳಿದು, ಕೊನೆಗೆ ಬರೀ ಕೆಸರಾಗಿ ಮುಗಿಯುತ್ತದೆ. ನಮ್ಮ ಮನೆ ಈ ಕೆಸರಿನ ಕಡೆಗಿದೆ. ಒಳ್ಳೆಯ ಮಳೆಯಾದ ವರ್ಷ ದೀಪಾವಳಿಯ ಹೊತ್ತಿಗೆ ನೀರು ಹಿತ್ತಿಲ ಬೇಲಿಯವರೆಗೆ ಬಂದು ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ಅದೇ ನೀರನ್ನು ಮುಟ್ಟಬೇಕಾದರೆ ಎರಡು ಮೂರು ಹೊಲ ದಾಟುವಷ್ಟು ದೂರ ನಡೆಯಬೇಕು.

ಮಳೆಯನ್ನು ನಕ್ಷತ್ರಗಳಿಂದ ಗುರುತಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಭರಣಿ ಮಳೆ ಧರಣಿ ಬೆಳೆ ಎಂದು ಹಿರಿಯರು ಏಪ್ರಿಲ್ ಕೊನೆಯ ಮಳೆಗೆ ಕಾಯುತ್ತಾರೆ. ಅದು ಬಿದ್ದರೆ ಹೊಲಕ್ಕೆ ಒಳ್ಳೆಯದು, ಕೆರೆಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಬಿರುಕು ಬಿಟ್ಟ ಕೆರೆಯಂಗಳ ಬಂದ ನೀರನ್ನೆಲ್ಲ ಕುಡಿದುಬಿಡುತ್ತದೆ. ಆದರೂ ಬೇಸಿಗೆಯುದ್ದಕ್ಕೂ ಮಣ್ಣಿನಡಿಯಲ್ಲಿ ಅಡಗಿದ್ದ ಗೋಂಕರುಕಪ್ಪೆಗಳು ಆ ಹೊತ್ತಿನ ಮೊದಲ ಜೋರು ಮಳೆಯ ರಾತ್ರಿಯೇ ಹೊರಗೆ ಬಂದು ಗುಂಡಿಗಳಲ್ಲಿ ನಿಂತ ನೀರನ್ನು ಹಿಡಿದು ಕೂರುತ್ತವೆ. ಮಾಮೂಲಿನಂತೆ ಮಾಸಲು ಹಸಿರಾಗಿರುವ ಗಂಡುಕಪ್ಪೆ ಆಗ ಮೈಯೆಲ್ಲ ಹೊಳೆವ ಹಳದಿಯಾಗುತ್ತದೆ, ಗಂಟಲಿನ ಇಕ್ಕೆಲದ ಚೀಲಗಳು ಕಡು ನೀಲಿಯಾಗಿ ಉಬ್ಬುತ್ತವೆ. ಬೆದೆ ತೀರಿದ ಮೇಲೆ ಆ ಬಣ್ಣವೂ ಇಳಿದುಹೋಗುತ್ತದೆ. ಆ ರಾತ್ರಿ ಮನೆಯೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ದನಿ ಏರಿಸಲೇಬೇಕು.

ಆಷಾಢದಲ್ಲಿ ಬರೀ ಗಾಳಿ. ನಮ್ಮ ಕೆರೆಗೆ ನೀರು ತರುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಬೀಳುವ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಅದೂ ಎಲ್ಲ ವರ್ಷ ಅಲ್ಲ. 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದಾಗ, ಅಂಥದ್ದನ್ನು ಹುಟ್ಟಿದಾಗಿನಿಂದ ನೋಡಿರದ ಹುಡುಗರು ಏರಿಯ ಮೇಲೆ ಕುಣಿದದ್ದನ್ನು ನಾವು ಕಂಡಿದ್ದೇವೆ. ಕೆರೆ ತುಂಬಿದರೆ ಊರಿನವರು ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ. ನೀರಿನಲ್ಲಿ ಅರ್ಧ ಮುಳುಗಿದ ಕರಿಜಾಲಿ ಮರಗಳಲ್ಲಿ ಗೀಜಗಗಳು ಗೂಡು ನೇಯುತ್ತಿರುತ್ತವೆ. ಗಂಡು ಅರ್ಧ ನೇಯ್ದು ಹೆಣ್ಣನ್ನು ಕರೆಯುತ್ತದೆ, ಅದು ಬಂದು ನೋಡಿ ಒಪ್ಪಿದರೆ ಮಾತ್ರ ಮಿಕ್ಕದ್ದು ಪೂರ್ತಿಯಾಗುತ್ತದೆ. ಇನ್ನು ತುಂಬಿದ ನೀರಿನ ಮೇಲೆ ನೋಡಿದರೆ, ಅಷ್ಟು ವಿಸ್ತಾರಕ್ಕೆ ಹಕ್ಕಿಗಳು ತೀರ ಕಡಿಮೆ. ಮುಳುಗಿ ಮೀನು ಹಿಡಿಯಬಲ್ಲ ನೀರುಕಾಗೆ, ಗುಳುಮುಳುಕ, ಈಜಬಲ್ಲ ನಾಮದ ಕೋಳಿ, ಕೆಲವು ವರಟೆಗಳು, ಇಷ್ಟೇ. ನಿಂತು ಉಣ್ಣುವ ಹಕ್ಕಿಗೆ ಆಗ ಕಾಲೂರಲು ಜಾಗವಿಲ್ಲ. ಸಂಜೆ ದೀಪ ಹಾಕಿದರೆ ಹುಳುಗಳು ಅನ್ನದ ತಟ್ಟೆಗೆ ಬೀಳುತ್ತವೆ, ಸೊಳ್ಳೆಯ ಕಾಟ ಹೇಳತೀರದು, ಬಚ್ಚಲಿಗೆ ನೀರುಹಾವು ನುಗ್ಗುವುದೂ ಉಂಟು. ದಂಡೆಯ ಮನೆಯ ಸುಖವನ್ನು ಹಾಡಿ ಹೊಗಳುವವರು ಈ ತಿಂಗಳಲ್ಲಿ ಒಂದು ವಾರ ಇದ್ದು ನೋಡಬೇಕು.

ಕಾರ್ತಿಕ ಕಳೆದು ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡತೊಡಗಿದ ಮೇಲೆ ಕೆರೆಯ ನಿಜವಾದ ಸಂಭ್ರಮ ಶುರುವಾಗುತ್ತದೆ. ತೂಬಿನಿಂದ ಒಂದಷ್ಟು, ಭೂಮಿಯೊಳಗೆ ಇಂಗಿ ಸುತ್ತಲ ಬಾವಿಗಳಿಗೆ ಒಂದಷ್ಟು, ಬಿಸಿಲಿಗೆ ಒಂದಷ್ಟು ಎಂದು ನೀರು ದಿನವೂ ಇಳಿಯುತ್ತದೆ. ಬೇಸಿಗೆ ಹತ್ತಿರವಾದಂತೆ ಬರೀ ಆವಿಯಾಗುವ ನೀರೇ ದಿನಕ್ಕೆ ಅರ್ಧ ಸೆಂಟಿಮೀಟರ್ ದಾಟುತ್ತದೆ. ಏರಿಯ ಮೇಲೆ ನಿಂತವರಿಗೆ ಇದು ಕಲ್ಲುಕಟ್ಟಡದ ಮೇಲಿನ ಒಂದು ಒದ್ದೆ ಗೆರೆಯಾಗಿ ಕಂಡೀತು, ಅಷ್ಟೇ. ಆದರೆ 200 ಅಡಿಗೆ 1 ಅಡಿಯಂತೆ ಇಳಿಯುವ ನಮ್ಮ ಕಡೆಯ ನೆಲದಲ್ಲಿ ಆ ಅರ್ಧ ಸೆಂಟಿಮೀಟರ್ ಎಂದರೆ 1 ಮೀಟರ್ ಅಗಲದ ಹೊಸ ಕೆಸರು, ಅದೂ ಕೆರೆಯ ಹಿಂಭಾಗದ ಉದ್ದಕ್ಕೂ. ನಿನ್ನೆಯವರೆಗೆ ನೀರಿನಡಿಯಲ್ಲಿದ್ದ ಹುಳು, ಬಸವನಹುಳು, ಕೀಟಗಳ ಮರಿ ಇವೆಲ್ಲ ಇಂದು ಬೆಳಗ್ಗೆ ಬಯಲಿಗೆ ಬಿದ್ದಿರುತ್ತವೆ. ಇಂದಿನದು ಒಣಗಿ ಗಟ್ಟಿಯಾಗುವಷ್ಟರಲ್ಲಿ ನಾಳೆಯದು ತೆರೆದುಕೊಳ್ಳುತ್ತದೆ. ಸೆಪ್ಟೆಂಬರಿನಿಂದಲೇ ಉತ್ತರದ ದೂರದ ನಾಡುಗಳಿಂದ ಬಂದಿಳಿಯುವ ಗದ್ದೆಗೊರವಗಳು, ಹಳದಿ ಸಿಪಿಲೆಗಳು ನಾಲ್ಕಾರು ತಿಂಗಳು ಇಲ್ಲಿ ನೆಲೆಸಿ ಮೈ ತುಂಬಿಕೊಂಡು ಮಾರ್ಚ್, ಏಪ್ರಿಲ್‌ನಲ್ಲಿ ಹಿಂದಿರುಗುವುದು ದಿನದಿನವೂ ಸರಿಯುವ ಈ ಕೆಸರಿನ ಪಟ್ಟಿಯ ಬಲದಿಂದ.

ಈ ಪಟ್ಟಿಯ ಮುಂದೆ ಒಂದು ಗಂಟೆ ಸುಮ್ಮನೆ ಕುಳಿತರೆ ಹಕ್ಕಿಗಳ ಕಾಲು ಮತ್ತು ಕೊಕ್ಕು ಏಕೆ ಹಾಗಿವೆ ಎಂಬುದಕ್ಕೆ ಯಾರ ವಿವರಣೆಯೂ ಬೇಕಾಗುವುದಿಲ್ಲ. ಹಸಿ ಕೆಸರಿನ ಮೇಲೆ ಸಿಪಿಲೆ ಬಾಲ ಕುಣಿಸುತ್ತ ಓಡುತ್ತದೆ. ಪಾದ ಮುಳುಗುವ ನೀರಿನಲ್ಲಿ ಗದ್ದೆಗೊರವ ಸೂಜಿಯಂಥ ಕೊಕ್ಕನ್ನು ಮಣ್ಣಿಗಿಳಿಸಿ ತೆಗೆಯುತ್ತದೆ. ಗೇಣು ನೀರಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಗುಂಪಾಗಿ ನಡೆಯುತ್ತವೆ. ಮೈ ಒದ್ದೆಯಾಗದಷ್ಟು ಉದ್ದದ ಕಾಲು, ಆದರೆ ತಿನ್ನುವುದು ನೀರಿನ ಮೇಲ್ಪದರದ ಸಣ್ಣಪುಟ್ಟ ಹುಳಗಳನ್ನು. ಅದಕ್ಕೂ ಆಳದಲ್ಲಿ ಚಮಚದ ಕೊಕ್ಕಿನ ಹಕ್ಕಿಗಳು ಸಾಲಾಗಿ ನಿಂತು ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಮುಂದುವರಿಯುತ್ತವೆ. ಬೂದು ಬಕ ಮಾತ್ರ ಯಾರ ಗೊಡವೆಗೂ ಹೋಗದೆ ಒಂದೇ ಕಡೆ ನಿಂತಿರುತ್ತದೆ. ಅದು ಕಣ್ಣಿನ ಬೇಟೆಗಾರ, ಮೀನು ಹತ್ತಿರ ಬರುವವರೆಗೆ ಅಲುಗುವುದಿಲ್ಲ. ಬಣ್ಣದ ಕೊಕ್ಕರೆಯದು ಬೇರೆ ದಾರಿ. ಅರ್ಧ ತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿ ಮುಳುಗಿಸಿ, ಕಾಲಿನಿಂದ ಕೆಸರನ್ನು ಕೆದಕಿ, ಓಡುವ ಮೀನು ಕೊಕ್ಕಿಗೆ ತಗುಲಿದೊಡನೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕಣ್ಣಿಗಿಂತ ಸ್ಪರ್ಶ ಮುಖ್ಯ. ಆದ್ದರಿಂದ ತಿಳಿನೀರಿಗಿಂತ ಮೀನು ಕಿಕ್ಕಿರಿದ ಕೆಸರುನೀರೇ ಅದಕ್ಕೆ ಅನುಕೂಲ.

ಈ ಕೊಕ್ಕರೆಗಳು ನಮ್ಮ ತಾಲ್ಲೂಕಿನವೇ ಎಂದು ಹೇಳಿಕೊಳ್ಳಲು ನಮಗೆ ಸ್ವಲ್ಪ ಹೆಮ್ಮೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ, ಊರೊಳಗಿನ ಹುಣಸೆಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ಮನೆ, ಕೊಟ್ಟಿಗೆ, ಜನರ ಓಡಾಟ, ಮೇಲೆ ಗೂಡು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಇದೇ ರೀತಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರಿನ ಮರಗಳಲ್ಲಿ ಮರಿ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಎರಡು ಊರುಗಳಲ್ಲೂ ಗಮನಿಸಬೇಕಾದದ್ದು ಕಾಲವನ್ನು. ಕೆರೆಗಳು ತುಂಬಿರುವಾಗಲ್ಲ, ಚಳಿಗಾಲ ಹಿಂದೆ ಸರಿದು ಕೆರೆಗಳೆಲ್ಲ ಕುಗ್ಗುತ್ತಿರುವಾಗ ಗೂಡುಗಳಲ್ಲಿ ಮರಿಗಳು ಬಾಯಿ ತೆರೆಯುತ್ತವೆ. ನೀರು ಕಡಿಮೆಯಾದಷ್ಟೂ ಮೀನುಗಳು ಇದ್ದಷ್ಟು ಜಾಗದಲ್ಲಿ ಒತ್ತೊತ್ತಾಗಿ ಸೇರುತ್ತವೆ. ಕೊಕ್ಕು ಮುಳುಗಿಸಿದಲ್ಲೆಲ್ಲ ತುತ್ತು ಸಿಗುತ್ತದೆ. ದಿನವೂ ಹಸಿದ ಮರಿಗಳಿಗೆ ಮೀನು ಹೊತ್ತು ತರಬೇಕಾದ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಮ್ಮ ಕೆರೆಯ ಹಿಂಭಾಗಕ್ಕೆ ಬರುವ ಕೊಕ್ಕರೆಗಳಲ್ಲಿ ಎಷ್ಟು ಕಗ್ಗಲಡುವಿನವೋ, ಅದನ್ನು ಹಕ್ಕಿಗಳೇ ಹೇಳಬೇಕು.

ಇಳಿಯುವ ನೀರಿನ ಪಾಲು ಮನುಷ್ಯರಿಗೂ ಉಂಟು. ನೀರು ಹಿಂದೆ ಸರಿದ ತೇವದಲ್ಲಿ ಹೊನಗೊನ್ನೆ ಸೊಪ್ಪು ತಾನಾಗಿ ಹಬ್ಬುತ್ತದೆ. ಬೆಳಗ್ಗೆ ಮಡಿಲು ತುಂಬ ಕೊಯ್ದು ತಂದು, ಅವರೆಕಾಯಿಯ ಕಾಲವಾದರೆ ಎರಡು ಹಿಡಿ ಕಾಳು ಸೇರಿಸಿ ಸಾರು ಮಾಡಿ, ಬಿಸಿ ಮುದ್ದೆಯೊಡನೆ ಉಂಡರೆ ಸಂಕ್ರಾಂತಿಯ ಚಳಿಗೆ ಬೇರೇನೂ ಬೇಡ. ಅಂಗಳ ಇನ್ನಷ್ಟು ತೆರೆದ ಮೇಲೆ ಕೆಲವರು ಉಳಿದ ತೇವಕ್ಕೇ ಸೌತೆ ಬೀಜ ಹಾಕುತ್ತಾರೆ. ಕುರಿ, ಮೇಕೆ, ದನಗಳಿಗೆ ಬೇರೆಲ್ಲೂ ಹಸಿರಿಲ್ಲದ ಮಾರ್ಚ್ ತಿಂಗಳಲ್ಲಿ ಕೆರೆಯಂಗಳದ ಗರಿಕೆಯೇ ಗತಿ. ಮೇಯುವ ದನಗಳ ಕಾಲಡಿಯಿಂದ ಹಾರುವ ಮಿಡತೆಗಳಿಗಾಗಿ ಗೋವಕ್ಕಿಗಳು ಹಿಂದೆಯೇ ಹೆಜ್ಜೆ ಹಾಕುತ್ತವೆ.

ಏಪ್ರಿಲ್ ಹೊತ್ತಿಗೆ ಏರಿಯ ಬುಡದಲ್ಲಿ ಒಂದು ಮಡು ಮಾತ್ರ ಉಳಿದಿರುತ್ತದೆ. ಆಗ ಕೆರೆ ಸತ್ತಿತು ಎನ್ನುವವರುಂಟು. ಆದರೆ ಒಣಗಿದ ಅಂಗಳದ ಬರಿನೆಲದ ಮೇಲೆ ಟಿಟ್ಟಿಭ ನಾಲ್ಕು ಮೊಟ್ಟೆಗಳನ್ನು ಚೂಪು ತುದಿ ಒಳಮುಖವಾಗಿ ಜೋಡಿಸಿಟ್ಟು ಕಾವಿಗೆ ಕೂತಿರುತ್ತದೆ. ಮಣ್ಣಿನ ಹೆಂಟೆಯ ಬಣ್ಣವೇ ಮೊಟ್ಟೆಗೂ ಇರುವುದರಿಂದ ಪಕ್ಕದಲ್ಲೇ ಹೆಜ್ಜೆ ಇಟ್ಟರೂ ಕಾಣುವುದಿಲ್ಲ. ನಾವು ಹತ್ತಿರ ಹೋದರೆ ಅದರ ಕೂಗಾಟದಿಂದ ಇಡೀ ಅಂಗಳಕ್ಕೆ ಸುದ್ದಿಯಾಗುತ್ತದೆ. ಹಳ್ಳದ ಕಡಿದಾದ ದರೆಯಲ್ಲಿ ಕಳ್ಳಿಪೀರಗಳು ಬಿಲ ತೋಡಿ ಮರಿ ಮಾಡುತ್ತವೆ. ಗೋಡು ಮಣ್ಣು ಹೊಡೆಯುವ ಕಾಲವೂ ಇದೇ. ಹಿಂದೆ ಗಾಡಿ ಕಟ್ಟಿ, ಈಗ ಟ್ರ್ಯಾಕ್ಟರಿನಲ್ಲಿ, ರೈತರು ಅಂಗಳದ ಮೇಲ್ಮಣ್ಣನ್ನು ಹೊಲಕ್ಕೆ ಸಾಗಿಸುತ್ತಾರೆ. ಹೊಲಕ್ಕೆ ಅದು ಗೊಬ್ಬರ, ಕೆರೆಗೆ ಹೂಳೆತ್ತಿದಂತೆ. ಹಾಗೆ ಅಗೆಯುವಾಗ ಒಮ್ಮೊಮ್ಮೆ ಮಣ್ಣಿನೊಳಗೆ ಅಲುಗದೆ ಮಲಗಿದ ಆಮೆ ಸಿಕ್ಕುತ್ತದೆ. ಮಳೆ ಬರುವವರೆಗೆ ಅದು ಹಾಗೆಯೇ ಇರಬಲ್ಲದು. ತಿಳಿದವರು ಅದನ್ನು ಮಡುವಿನ ಅಂಚಿಗೆ ಕೊಂಡುಹೋಗಿ ಬಿಡುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನ ಒಂದು ಅಸಮಾಧಾನವನ್ನೂ ಹೇಳಬೇಕು. ಈಚೆಗೆ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಮೊದಲು ಹೋಗುವುದು ಈ ಇಳಿಜಾರು ದಂಡೆ. ಯಂತ್ರ ತಂದು ಸುತ್ತಲೂ ಒಂದೇ ಆಳಕ್ಕೆ ಕೊರೆದು, ತೆಗೆದ ಮಣ್ಣನ್ನು ಅಂಚಿಗೆ ಒಟ್ಟಿ, ಅದರ ಮೇಲೆ ನಡೆದಾಡುವ ದಾರಿ ಮಾಡುತ್ತಾರೆ. ತಟ್ಟೆಯಂತಿದ್ದ ಕೆರೆ ಬಟ್ಟಲಿನಂತಾಗುತ್ತದೆ. ನೀರು ಹೆಚ್ಚು ಹಿಡಿಯುತ್ತದೆ ಎಂಬುದು ನಿಜ, ಆದರೆ ಕೊಕ್ಕರೆಗೆ ಅಲ್ಲಿ ನಿಲ್ಲಲು ಜಾಗವಿಲ್ಲ, ಹೊನಗೊನ್ನೆಗೆ ಹಬ್ಬಲು ನೆಲವಿಲ್ಲ, ದನ ನೀರಿಗಿಳಿಯಲು ದಾರಿಯಿಲ್ಲ. ಇನ್ನು ಮಣ್ಣಿಗಾಗಿ ಎಲ್ಲೆಂದರಲ್ಲಿ ತೋಡಿದ ಆಳದ ಗುಂಡಿಗಳು ಮಳೆಗಾಲದಲ್ಲಿ ಈಜಲು ಹೋದ ಮಕ್ಕಳ ಜೀವಕ್ಕೇ ಅಪಾಯ. ಹೇಮಾವತಿಯ ನೀರು ಕಳ್ಳಂಬೆಳ್ಳ ಮತ್ತು ಶಿರಾ ಕೆರೆಗಳಿಗೆ ಬಂದದ್ದು ನಮ್ಮ ಸೀಮೆಯ ಪುಣ್ಯ. ಕುಡಿಯುವ ನೀರಿಗೆ ಬವಣೆ ಪಟ್ಟವರಿಗೆ ಅದರ ಬೆಲೆ ಗೊತ್ತು, ಆ ಕುರಿತು ನನ್ನದು ತಕರಾರಿಲ್ಲ. ಹೂಳು ತೆಗೆಯುವುದಕ್ಕೂ ತಕರಾರಿಲ್ಲ. ಏರಿಯ ಕಡೆ ಬೇಕಾದಷ್ಟು ಆಳ ಮಾಡಲಿ. ಹಳ್ಳ ಸೇರುವ ಹಿಂಭಾಗವನ್ನು ಇದ್ದ ಇಳಿಜಾರಿನಲ್ಲೇ ಬಿಡಬೇಕೆಂಬ ಒಂದು ಮಾತನ್ನು ಅಂದಾಜುಪಟ್ಟಿ ಬರೆಯುವವರು ಸೇರಿಸಿಕೊಂಡರೆ ಖರ್ಚೂ ಕಡಿಮೆಯಾಗುತ್ತದೆ.

ಕೇಳುಗರಲ್ಲಿ ಯಾರಿಗಾದರೂ ತಮ್ಮ ಹತ್ತಿರದ ಕೆರೆಯನ್ನು ಈ ರೀತಿ ನೋಡುವ ಮನಸ್ಸಾದರೆ, ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗಿನ ಕಾಲ ಒಳ್ಳೆಯದು. ಏರಿಯ ಮೇಲಿನ ರಸ್ತೆ ಬಿಟ್ಟು ಸುತ್ತಿಕೊಂಡು ಕೆರೆಯ ಹಿಂಭಾಗಕ್ಕೆ ಹೋಗಿ. ಸೂರ್ಯ ನಿಮ್ಮ ಬೆನ್ನಿಗಿರುವಂತೆ ಜಾಗ ಹಿಡಿದರೆ ಬಣ್ಣಗಳು ಸರಿಯಾಗಿ ಕಾಣುತ್ತವೆ. ಕೆಸರು ಎಲ್ಲಿ ಗಟ್ಟಿ, ಎಲ್ಲಿ ಹೂತುಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕುರಿ ಮೇಯಿಸುವವರನ್ನು ಕೇಳಿ ತಿಳಿದುಕೊಳ್ಳಿ. ನಾಯಿಯನ್ನು ಕರೆದೊಯ್ಯಬೇಡಿ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ. ಹೊಸದಾದರೆ ಅದು ಕೆರೆಯ ಪಾಲಾಗುತ್ತದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು.