ಮರದ ಗೊಂಬೆ ತಿರುಗಿ ಹೊಡೆಯಲ್ಲ

ನಮಸ್ಕಾರ. ಇವತ್ತು ಒದೆತಗಳ ಬಗ್ಗೆ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋ ಕೆಳಗೆ ಒಬ್ಬರು ತಾವು ಕಲಿಯುವ ಚೀನೀ ಕುಂಗ್ ಫೂ ಶೈಲಿಯ ಬಗ್ಗೆ ಬರೆದಿದ್ದಾರೆ: "ವಿಂಗ್ ಚುನ್ ತುಂಬಾ ಡೇಂಜರ್ ಸರ್, ಅದಕ್ಕೇ ನಮ್ಮ ಕ್ಲಾಸಲ್ಲಿ ಸ್ಪಾರಿಂಗ್ ಇಲ್ಲ." ಸ್ಪಾರಿಂಗ್ ಅಂದರೆ ಇಬ್ಬರು ಎದುರುಬದುರಾಗಿ ನಿಜವಾಗಿ ಹೊಡೆದಾಡುವ ಅಭ್ಯಾಸ.

ಡೇಂಜರ್ ಅಂತ ಗೊತ್ತಾಗಿದ್ದು ಹೇಗೆ? ಯಾರ ಮೇಲೂ ಪ್ರಯೋಗಿಸಿಲ್ಲವಲ್ಲ!

ವಿದ್ಯೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೀನಾದ ಫೋಶಾನ್‌ನಿಂದ ಬಂದ ಇಪ್ ಮನ್ 1950ರಿಂದ ಹಾಂಗ್‌ಕಾಂಗ್‌ನಲ್ಲಿ ಇದನ್ನು ಕಲಿಸಿದರು. ಅವರ ಶಿಷ್ಯ ವಾಂಗ್ ಶುನ್ ಲ್ಯೂಂಗ್ ಬೇರೆ ಶೈಲಿಯವರ ಜೊತೆ ಹೊಡೆದಾಡಿಯೇ ಹೆಸರು ಮಾಡಿದವರು. ಅಂದರೆ ತಿರುಗಿ ಹೊಡೆಯುವವರು ಅವರಿಗೆ ಸಿಗುತ್ತಿದ್ದರು. ನಿಮಗೆ?

ನಿಮಗೆ ಚಿ ಸಾವ್ ಇದೆ. ಇಬ್ಬರೂ ಮುಂಗೈಗೆ ಮುಂಗೈ ತಾಗಿಸಿ ಉರುಳಿಸುತ್ತಾ, ಎದುರಿನವರ ಒತ್ತಡವನ್ನು ಚರ್ಮದಲ್ಲೇ ಓದುವುದು. ಒಳ್ಳೆಯ ಅಭ್ಯಾಸವೇ. ಆದರೆ ಹೊಡೆಯಲು ಬಂದವನು "ಮೊದಲು ಕೈ ತಾಗಿಸೋಣ ಬನ್ನಿ" ಅಂತಾನಾ?

ನಾನೂ ನಾಲ್ಕು ವರ್ಷ ಅದನ್ನೇ ಮಾಡಿದೆ. ಆಮೇಲೆ ಬಾಕ್ಸಿಂಗ್ ಗೆಳೆಯನ ಎದುರು ಗ್ಲೌಸ್ ಹಾಕಿದೆ. ಮೊದಲ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಬಂತು. ಪಾಕ್ ಸಾವ್, ಅಂಗೈಯಿಂದ ಚಟ್ ಅಂತ ತಟ್ಟಿದೆ. ಆಹಾ! ಹಿಂದೆಯೇ ಎರಡನೆಯದು ನೇರ ಮೂಗಿಗೆ. ಕ್ಲಾಸಲ್ಲಿ ಜೊತೆಗಾರ ಗುದ್ದಿದ ಕೈಯನ್ನು ಗಾಳಿಯಲ್ಲೇ ನೇತುಹಾಕಿ ನಿಲ್ಲುತ್ತಿದ್ದ. ಇವನು ಎಳೆದುಕೊಂಡುಬಿಟ್ಟ. ನನ್ನ ಕೈಗೆ ಅಂಟಲು ಏನೂ ಉಳಿದಿರಲಿಲ್ಲ.

"ಬ್ರೂಸ್ ಲೀ ಕಲಿತಿದ್ದು ಇದೇ ಅಲ್ವಾ?" ಹೌದಪ್ಪಾ. ಆಮೇಲೆ ಅವರು ಬಾಕ್ಸಿಂಗ್, ಫೆನ್ಸಿಂಗ್ ಎಲ್ಲ ಬೆರೆಸಿ 1967ರಲ್ಲಿ ಜೀತ್ ಕುನೆ ದೋ ಅಂತ ಬೇರೆ ಹೆಸರೇ ಇಟ್ಟರು. ಆ ಭಾಗ ಬಂದಾಗ ಎಲ್ಲರೂ ಚಹಾ ಕುಡಿಯಲು ಹೋಗಿರುತ್ತಾರೆ.

ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡಿ. ಮೂಗಿನ ಕಥೆ ಸುಮ್ನೆ ಹೇಳಿಲ್ಲ.

"ನಮ್ಮದು ಕಣ್ಣಿಗೆ ಚುಚ್ಚುವ ಕಲೆ, ಅದನ್ನು ಅಭ್ಯಾಸ ಮಾಡೋದು ಹೇಗೆ?" ಗುದ್ದೇ ತಾಗುತ್ತಿಲ್ಲ, ಗೋಲಿಯಷ್ಟು ಕಣ್ಣಿಗೆ ಬೆರಳು ತಾಗುತ್ತಾ? ವಾರಕ್ಕೊಮ್ಮೆ ಹೆಲ್ಮೆಟ್ ಹಾಕಿ. ಹಲ್ಲುಗಾರ್ಡ್ ಹಾಕಿ. ನಿಜವಾಗಿ ಹೊಡೆಯುವವರನ್ನು ಕರೆಯಿರಿ. ಹೊಡೆಯುವವರನ್ನು! ತಲೆದೂಗುವವರನ್ನಲ್ಲ!

"ಚಾಕು ತಂದರೆ?" ಓಡಿ. ಮುಂದಿನ ಪ್ರಶ್ನೆ.

"ಮರದ ಗೊಂಬೆ ಮೇಲೆ ಅಭ್ಯಾಸ ಮಾಡಿದರೆ ಸಾಲದಾ?" ಅದು ತಿರುಗಿ ಹೊಡೆಯಲ್ಲ ರೀ! ಮೂರು ಕೈ, ಒಂದು ಕಾಲು, ಒಂದೂ ಅಲುಗಲ್ಲ! ನನ್ನ ಹತ್ತಿರವೂ ಇದೆ. ಈಗ ಅದರ ಮೇಲೆ ಮೂರು ಟವೆಲ್ ಒಣಗುತ್ತಿವೆ.