ಕೂಸಿನ ಕೌದಿಗೆ ಐದೇ ಪದರ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗ 1997ರವರೆಗೆ ಒಂದೇ ಜಿಲ್ಲೆ. ಜಿಲ್ಲೆ ಎರಡಾದರೂ ಬಾಣಂತಿ ಕೋಣೆಯ ಕೌದಿ ಬದಲಾಗಲಿಲ್ಲ. ಹಳೇ ಸೀರೆ, ಹಳೇ ಪಂಚೆ ಪದರ ಪದರವಾಗಿ ಹಾಸಿ ಕೈಯಲ್ಲಿ ಸಾಲು ಹೊಲಿಗೆ ಹಾಕುವುದು ಎರಡೂ ಕಡೆ ಇದೆ. ದೊಡ್ಡವರ ಕೌದಿಗೆ ಪಳಗಿದ ಕೈ ಕೂಸಿನ ಕೌದಿಗೆ ಕೂತಾಗ ಮಾಡುವ ಮೊದಲ ತಪ್ಪು ದಪ್ಪದ್ದು. ಮೆತ್ತಗಿರಲಿ ಅಂತ ಎಂಟು ಪದರ, ಹತ್ತು ಪದರ ಹಾಕುತ್ತಾರೆ. ಕೂಸು ಉಚ್ಚೆ ಹೊಯ್ದರೆ ತೇವ ನಡುವಿನ ಪದರಕ್ಕೆ ಇಳಿದು ಕೂರುತ್ತದೆ. ಮೇಲೆ ಮುಟ್ಟಿದರೆ ಒಣಗಿದೆ, ಒಳಗೆ ಹಸಿ. ಎರಡೇ ದಿನಕ್ಕೆ ವಾಸನೆ. ಕೂಸಿಗೆ ಐದು ಪದರ ಸಾಕು: ಮೇಲೊಂದು, ಕೆಳಗೊಂದು, ನಡುವೆ ಮೂರು. ನಮ್ಮ ಒಣ ಬಿಸಿಲಿಗೆ ಬೆಳಿಗ್ಗೆ ಒಗೆದದ್ದು ಸಂಜೆಗೆ ಮಡಿಸುವಂತಿರಬೇಕು.

ಅಳತೆ ಬರೆದುಕೊಳ್ಳಿ. ಮುಗಿದ ಕೌದಿ 30 ಇಂಚು ಅಗಲ, 40 ಇಂಚು ಉದ್ದ. ಬಟ್ಟೆ ಕತ್ತರಿಸುವುದು 32ಕ್ಕೆ 42. ಅಂಚು ಮಡಿಸಲು ಸುತ್ತ ಅರ್ಧ ಇಂಚು ಹೋಗುತ್ತದೆ, ಹೊಲಿಗೆ ಎಳೆಯುವುದರಿಂದ ಇನ್ನೊಂದು ಇಂಚು ಕುಗ್ಗುತ್ತದೆ. ಐದೂವರೆ ಮೀಟರಿನ ಒಂದು ಹತ್ತಿ ಸೀರೆಯಲ್ಲಿ ಇಂಥ ಆರು ತುಂಡು ಬರುತ್ತವೆ. ಆದರೆ ಪೂರ್ತಿ ಸೀರೆ ನಂಬಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೂಲು ಸವೆದು ಬೆಳಕು ಹಾಯುವ ಕಡೆ ಬಿಟ್ಟುಬಿಡಿ. ಸವೆದ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ, ತೇಪೆ ಹಾಕಿದರೂ ನಿಲ್ಲುವುದಿಲ್ಲ.

ಮೊಳಕಾಲ್ಮೂರಿನ ರೇಷ್ಮೆ, ಅಜ್ಜಿ ಉಟ್ಟಿದ್ದು ಅಂತ ಕೂಸಿನ ಕೌದಿಗೆ ಸೇರಿಸುವ ಆಸೆ ದೊಡ್ಡದು. ದಿನಾ ಸೋಪು ಕಾಣುವ ಬಟ್ಟೆಗೆ ರೇಷ್ಮೆ ತಾಳುವುದಿಲ್ಲ, ಜರಿ ಎಳೇ ಚರ್ಮಕ್ಕೆ ಗೀರುತ್ತದೆ. ಆ ಸೀರೆಯನ್ನು ಗೋಡೆಗೆ ತೂಗುವ ತೋರಣಕ್ಕೆ ಬಳಸಿ. ಚಳ್ಳಕೆರೆ ಕಂಬಳಿಯೂ ಅಷ್ಟೇ, ಒಳ್ಳೆಯದು, ಆದರೆ ಮೈಗೆ ಚುಚ್ಚುತ್ತದೆ.

ಮೇಲಿನ ಪದರಕ್ಕೆ ಹೊಸ ಬಟ್ಟೆ ತಂದಿದ್ದರೆ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಗೆದು ಒಣಗಿಸಿದ ಮೇಲೇ ಕತ್ತರಿ ಮುಟ್ಟಿಸಿ. ಗಂಜಿ ಹೋಗಬೇಕು, ಕುಗ್ಗುವುದೂ ಈಗಲೇ ಕುಗ್ಗಬೇಕು. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಹೊಸ ಬಟ್ಟೆ ಕುಗ್ಗಿ, ಹಳೇ ಬಟ್ಟೆ ಹಾಗೇ ಉಳಿದು, ಕೌದಿ ತಟ್ಟೆಯಂತೆ ಮಡಚಿಕೊಳ್ಳುತ್ತದೆ. ಬಣ್ಣದ ಪರೀಕ್ಷೆಗೆ ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡು ಕೂಸಿಗೆ ಬೇಡ, ಕೂಸು ಅಂಚನ್ನು ಬಾಯಿಗಿಟ್ಟೇ ಇಡುತ್ತದೆ. ಉಪ್ಪುನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ, ಒಮ್ಮೆ ಬಿಡತೊಡಗಿದ ಬಣ್ಣವನ್ನು ಉಪ್ಪು ಹಿಡಿಯುವುದಿಲ್ಲ.

ಈಗ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಹಿಡಿದಿಡುವ ತಾತ್ಕಾಲಿಕ ಹೊಲಿಗೆ. ಅವಸರ ಮಾಡುವವರು ಇದನ್ನು ಬಿಡುತ್ತಾರೆ, ಕೌದಿ ಕೆಡುವುದೂ ಇಲ್ಲೇ. ಚಾಪೆಯ ಮೇಲಲ್ಲ, ಒರೆಸಿದ ನೆಲದ ಮೇಲೆ ಐದೂ ಪದರ ಹಾಸಿ, ಒಂದೊಂದನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಅಂಚುಗಳನ್ನು ಒಳಕ್ಕೆ ಮಡಿಸಿ ಗುಂಡುಸೂಜಿ ಹಾಕಿ. ಆಮೇಲೆ ನಡುವಿನಿಂದಲೇ ಶುರು ಮಾಡಿ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ನಾಲ್ಕು ಬೆರಳಿಗೊಂದು ಉದ್ದ ಹೊಲಿಗೆ. ಅಂಚಿನಿಂದ ಶುರು ಮಾಡಿದರೆ ಸಡಿಲೆಲ್ಲ ನಡುವಿಗೆ ತಳ್ಳಿಕೊಂಡು ಬಂದು ಕೊನೆಗೆ ನೆರಿಗೆ ಬೀಳುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರಲ್ಲ ಎನ್ನಬಹುದು. ಅವರು ಮೇಲಿನ ತುಂಡುಗಳನ್ನು ಒಂದೊಂದಾಗಿ ಇಡುತ್ತ ಹೊಲಿಯುತ್ತಾರೆ, ಸಡಿಲು ಅಲ್ಲಲ್ಲೇ ತೀರುತ್ತದೆ. ಇಡೀ ಬಟ್ಟೆ ಹಾಸಿದವರಿಗೆ ಆ ದಾರಿ ಇಲ್ಲ. ಅವರು ಮೂಲೆಗೆ ಇಡುವ, ಬಟ್ಟೆ ಮಡಿಸಿ ಮಾಡಿದ ಹೂ ಮಾತ್ರ ನಾವೂ ಇಡಬಹುದು, ಸುತ್ತಲೂ ಗಟ್ಟಿ ಹೊಲಿದರೆ.

ಸಾಲು ಹೊಲಿಗೆ ಅರ್ಧ ಇಂಚಿಗೊಂದು. 30 ಇಂಚಿಗೆ ಹತ್ತಿರ ಹತ್ತಿರ 60 ಸಾಲು. ಒಂದು ಸಾಲಿಗೆ ಒಂದೂಕಾಲು ಮೀಟರ್ ದಾರ ಹಿಡಿದರೆ 75 ಮೀಟರ್ ಬೇಕು. ಹತ್ತಿಯ ದಪ್ಪ ದಾರ 100 ಮೀಟರ್ ಇಟ್ಟುಕೊಳ್ಳಿ. ಒಂದು ಸಾಲಿನ ದಾರವನ್ನಷ್ಟೇ ಸೂಜಿಗೆ ಪೋಣಿಸಿ, ಉದ್ದ ಮಾಡಿದರೆ ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹುರಿ ಬಿಚ್ಚುತ್ತದೆ. ಇಂಚಿಗೆ ನಾಲ್ಕು ಹೊಲಿಗೆ. ಉದ್ದ ಹೊಲಿಗೆ ಚೆಂದ ಕಂಡರೂ ಕೂಸಿನ ಬೆರಳು, ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟನ್ನು ಮೆಲ್ಲಗೆ ಎಳೆದು ಮೇಲ್ಪದರದ ಕೆಳಗೆ ಹೂತುಬಿಡಿ. ಕೈ ಪಳಗದವರಿಗೆ ಸಾಲಿಗೆ ಕಾಲು ಗಂಟೆ, ಅಂದರೆ ಒಟ್ಟು 15 ಗಂಟೆಯ ಕೆಲಸ. ಏಳನೇ ತಿಂಗಳಿಗೆ ಶುರು ಮಾಡಿದರೆ ನಿರಾಳ.

ಈ ಕೌದಿ ಹಾಸಲಿಕ್ಕೆ. ಎಣ್ಣೆ ನೀವಲು, ಕೂಸು ಎಚ್ಚರವಿದ್ದಾಗ ನೆಲದ ಮೇಲೆ ಬೋರಲು ಬಿಡಲು, ತೊಡೆಯ ಮೇಲೆ. ವರ್ಷ ತುಂಬುವವರೆಗೆ ಮಲಗಿದ ಕೂಸಿನ ಮೇಲೆ ಸಡಿಲ ಹೊದಿಕೆ, ತಲೆಗೆ ದಿಂಬು ಬೇಡ ಅನ್ನುವುದು ಮಕ್ಕಳ ವೈದ್ಯರ ಮಾತು, ಮುಖಕ್ಕೆ ಸರಿದರೆ ಉಸಿರು ಕಟ್ಟುತ್ತದೆ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ರಾಗಿ ದಿಂಬು ಹೊಲಿದು ಕೊಡುವವರು ದಯವಿಟ್ಟು ನಿಲ್ಲಿಸಿ. ಒಂದು ಹೊಲಿಗೆ ಬಿಚ್ಚಿದರೆ ಕಾಳು ಕೂಸಿನ ಬಾಯಿಗೆ, ಮೂಗಿಗೆ.

ನಾಮಕರಣಕ್ಕೆ ಸೋದರತ್ತೆ ಕೊಡಲು ಕುಂಚಿಗೆ ಚೆಂದ. 16 ಇಂಚು ಅಗಲ, 22 ಇಂಚು ಉದ್ದದ ಹತ್ತಿ ಬಟ್ಟೆಯನ್ನು ಅಗಲದಲ್ಲಿ ಎರಡಾಗಿ ಮಡಿಸಿ, ಮೇಲಿನ ಅಂಚನ್ನು ಮಾತ್ರ ಹೊಲಿದರೆ ತಲೆ ಕೂರುವ ಗೂಡು, ಉಳಿದದ್ದು ಬೆನ್ನಿಗೆ ಇಳಿಯುತ್ತದೆ. ಆ ಹೊಲಿಗೆ ಎರಡು ಸಲ: ಮೊದಲು ಹೊರಮೈಯಿಂದ ಕಾಲು ಇಂಚಿಗೆ, ತಿರುವಿ ಒಳಮೈಯಿಂದ ಇನ್ನೊಂದು ಸ್ವಲ್ಪ ಒಳಕ್ಕೆ. ಬಿಚ್ಚಿದ ನೂಲು ಒಳಗೇ ಮುಚ್ಚಿಹೋಗಿ ನೆತ್ತಿಗೆ ಉಜ್ಜುವುದಿಲ್ಲ. ಕೊರಳಿಗೆ ಕಟ್ಟುವ ಕಸೆ ಹಾಕಬೇಡಿ. ಮಣಿ, ಗುಂಡಿ, ಗೆಜ್ಜೆ, ಕನ್ನಡಿ ಯಾವುದೂ ಬೇಡ. ಬಟ್ಟೆಯ ಗೊಂಬೆಗೂ ಕಣ್ಣನ್ನು ದಾರದಲ್ಲೇ ಕಸೂತಿ ಮಾಡಿ.

ಕೊಡುವ ಮುಂಚೆ ಕೌದಿಯನ್ನೊಮ್ಮೆ ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಎರಡೂ ಮೈ ಹಾಕಿ. ಒಣಗಿದ ಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಉದ್ದಕ್ಕೂ ಸವರಿ, ಗಂಟು ತಾಕಿದರೆ ಮತ್ತೆ ಹೂಳಿ. ಡಬ್ಬಿಯಿಂದ ಎಷ್ಟು ಸೂಜಿ, ಎಷ್ಟು ಗುಂಡುಸೂಜಿ ತೆಗೆದಿದ್ದಿರೋ ಅಷ್ಟೂ ಮರಳಿ ಬಂದವೇ ಎಣಿಸಿ. ಒಂದು ಕಡಿಮೆಯಾದರೂ, ಅದು ಸಿಗುವ ತನಕ ಕೌದಿ ಹೊಸಿಲು ದಾಟಬಾರದು.

ನಮಸ್ಕಾರ.