ಜರ್ಮೇನಿಯಂ ಎಂದು ಮಾರಿದ ಡಯೋಡ್

ಮೇಜಿನ ಮೇಲೆ ಬ್ಯಾಟರಿ, ರೆಸಿಸ್ಟರ್, ಮತ್ತು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಮೂರೂ ಸರಣಿಯಲ್ಲಿವೆ. ಒಂದು ಮಲ್ಟಿಮೀಟರ್ ಕರೆಂಟ್ ಅಳೆಯುತ್ತಿದೆ, ವೋಲ್ಟೇಜ್ ನೋಡಲು ಇನ್ನೊಂದನ್ನು ನೇರವಾಗಿ ಡಯೋಡಿನ ಕಾಲುಗಳಿಗೇ ಹಚ್ಚಿದ್ದೇನೆ. ಕಪ್ಪು ಮೈ, ಬೆಳ್ಳಿ ಪಟ್ಟಿ: ಇದು 1ಎನ್4007 ಎಂಬ ಸಿಲಿಕಾನ್ ಡಯೋಡ್. ಕರೆಂಟಿಗೆ ಮಿತಿ ಹಾಕುವ ಆ ರೆಸಿಸ್ಟರ್ ಇಲ್ಲದೆ ಯಾರೂ ಡಯೋಡಿಗೆ ಬ್ಯಾಟರಿ ಕೊಡಬೇಡಿ.

1 ಮಿಲಿಆಂಪಿಯರಿಗೆ 0.57 ವೋಲ್ಟ್. 10ಕ್ಕೆ 0.67. ಕರೆಂಟ್ ಹತ್ತು ಪಟ್ಟಾದರೂ ವೋಲ್ಟೇಜ್ ಏರಿದ್ದು ಬರೀ 0.1. ಪಿಯುಸಿಯಲ್ಲಿ ಡಯೋಡ್ ಬಾಗಿಲು ತೆರೆಯಲು ಸಿಲಿಕಾನ್ ಎಂದರೆ 0.7 ವೋಲ್ಟ್, ಜರ್ಮೇನಿಯಂ ಎಂದರೆ 0.3 ಎಂದು ಬಾಯಿಪಾಠ ಮಾಡಿಸುತ್ತಾರಲ್ಲ, ನನಗೆ ಅದು ಕಂಡರಾಗದು. ಎಷ್ಟು ಕರೆಂಟಿಗೆ ಎಂದು ಹೇಳದೆ ಆ ಅಂಕಿ ಕೊಟ್ಟರೆ ಏನು ಪ್ರಯೋಜನ?

ಈಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಜರ್ಮೇನಿಯಂ ಎಂದು ತಂದ ಡಯೋಡ್. ಒಂದಕ್ಕೆ 40 ರೂಪಾಯಿ. ಮೀಟರ್ ನೋಡಿ: 1 ಮಿಲಿಆಂಪಿಯರಿಗೆ 0.61! ಜರ್ಮೇನಿಯಂ ಆಗಿದ್ದರೆ ಇದರ ಅರ್ಧದ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಇನ್ನೊಂದನ್ನು ಹಾಕುತ್ತೇನೆ. ಅದೂ ಅಷ್ಟೇ. ಭೂತಗನ್ನಡಿ ಹಿಡಿದಿದ್ದೇನೆ, ಹತ್ತಿರದಿಂದ ನೋಡಿ. ಅಸಲಿ ಹಳೆಯ ಡಯೋಡಾದರೆ ತಿಳಿ ಗಾಜಿನೊಳಗೆ ಕೂದಲೆಳೆಯಂಥ ತಂತಿ ಬಾಗಿ, ಜರ್ಮೇನಿಯಂ ಚೂರಿಗೆ ತುದಿ ತಾಗಿಸಿಕೊಂಡಿರುತ್ತದೆ. ಇಲ್ಲಿ ತಂತಿಯೇ ಇಲ್ಲ, ಗಾಜೂ ಕಿತ್ತಳೆ ಬಣ್ಣ. ಒಂದೆರಡು ರೂಪಾಯಿಯ ಸಿಲಿಕಾನ್ ಡಯೋಡಿಗೆ 40 ರೂಪಾಯಿ! ದುಡ್ಡು ಹೋಗಲಿ. ಬ್ಯಾಟರಿ ಇಲ್ಲದ ರೇಡಿಯೊ ಕಟ್ಟಿ ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳಲು ಹೊರಟ ಮಕ್ಕಳು ಇದನ್ನೇ ಕೊಳ್ಳುತ್ತಾರೆ. ಆಂಟೆನಾದಿಂದ ಬರುವ ಕ್ಷೀಣ ಸಂಕೇತಕ್ಕೆ ಇದು ಬಾಗಿಲು ತೆರೆಯುವುದೇ ಇಲ್ಲ. ಅವರು ತಾವು ಸುತ್ತಿದ ರೇಡಿಯೊದ ತಂತಿ ಸುರುಳಿಯೇ ಸರಿಯಿಲ್ಲವೆಂದು ಬಿಚ್ಚಿ ಸುತ್ತುತ್ತಾ ಕೂರುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಹಾಗೆ ನೋಡಿದರೆ ಈ ಮೋಸ ಹಿಡಿದುಕೊಟ್ಟದ್ದು ಆ 0.3, 0.7ರ ಬಾಯಿಪಾಠವೇ. ಇರಲಿ ಬಿಡಿ, ಕಲಿಸಲಿ. ಜೊತೆಗೆ ಕರೆಂಟನ್ನೂ ಹೇಳಲಿ.

ಅಸಲಿ ಜರ್ಮೇನಿಯಂ ತಿಳಿ ಗಾಜಿನಲ್ಲಿದ್ದರೆ ಬೆಳಕಿಗೂ ಸ್ಪಂದಿಸುತ್ತದೆ. 1940ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ರಸೆಲ್ ಓಲ್ ಬಿರುಕುಬಿಟ್ಟ ಸಿಲಿಕಾನ್ ತುಂಡಿನ ಮೇಲೆ ಬೆಳಕು ಬಿಟ್ಟಾಗ ವೋಲ್ಟೇಜ್ ಎದ್ದಿತ್ತು. ಪಿ–ಎನ್ ಸಂಧಿ, ಅಂದರೆ ಡಯೋಡಿನೊಳಗೆ ಎರಡು ಬಗೆಯ ಭಾಗಗಳು ಕೂಡುವ ಗಡಿ, ಬೆಳಕಿಗೆ ಬಂದದ್ದೇ ಹಾಗೆ. ಆ ತುಂಡಿನಲ್ಲಿ ಕಲ್ಮಶಗಳು ಒಂದೊಂದು ಪಕ್ಕಕ್ಕೆ ಒಂದೊಂದು ಬಗೆಯಲ್ಲಿ ಸೇರಿದ್ದವು. ಅದಿರಲಿ, ಈಗ ಡಯೋಡನ್ನು ಕೈಯಿಂದ ಮುಟ್ಟಿ ತೋರಿಸುತ್ತೇನೆ, ಇದನ್ನು ನೋಡದೆ ಬಿಡಬೇಡಿ.

1ಎನ್4007 ಅನ್ನು ಮತ್ತೆ ಹಾಕಿ ಎರಡು ಬೆರಳಲ್ಲಿ ಹಿಡಿದಿದ್ದೇನೆ. 570 ಮಿಲಿವೋಲ್ಟ್... 566... 561. ಕರೆಂಟ್ ಅಷ್ಟೇ ಇದೆ. ಸಂಧಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಅದಕ್ಕೇ ಅಳೆಯುವಾಗ ಡಯೋಡನ್ನು ಮುಟ್ಟಬಾರದು, ಹೆಚ್ಚು ಕರೆಂಟಿನಲ್ಲಿ ಬಹಳ ಹೊತ್ತು ಬಿಡಲೂಬಾರದು.

ಇನ್ನು ಡಯೋಡನ್ನು ತಿರುಗಿಸಿ, ಕರೆಂಟನ್ನು ತಡೆಯುವ ದಿಕ್ಕಿಗೆ ಹಾಕಿದ್ದು. ಮೀಟರ್ ಸೊನ್ನೆ ಎನ್ನುತ್ತಿದೆ. ನಂಬಬೇಡಿ, ಸಿಲಿಕಾನಿನಲ್ಲಿ ಸೋರುವುದು ನ್ಯಾನೊಆಂಪಿಯರುಗಳಲ್ಲಿ, ಈ ಮೀಟರಿನ ಕಣ್ಣಿಗೆ ಅದು ಬೀಳದು. ಉಳಿದ ಜರ್ಮೇನಿಯಂ ಪೊಟ್ಟಣವನ್ನು ನಾಳೆ ಅಂಗಡಿಗೆ ಒಯ್ಯುತ್ತೇನೆ, ಮೀಟರ್ ಸಮೇತ.